ಸ್ಟೋರಿನ ಕಿಟಕಿ ಸುಮ್ಮನಾದ ವರ್ಷ

ಇಳಕಲ್ ಊರು ದಾಟಿ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಹೊರಳಿದರೆ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ ಇದೆ. ಅದರ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸೇರಿದಾಗ ಅವ್ವ ಇನ್ನೂ ಇದ್ದಳು. ಕುಳಗೇರಿ ಕ್ರಾಸ್ ಹತ್ತಿರದ ನಮ್ಮ ಊರು ಬಿಟ್ಟು, ಅವಳನ್ನೂ ಕರೆದುಕೊಂಡು ಬಂದು ಹುನಗುಂದದಲ್ಲಿ ಒಂದು ಕೋಣೆ ಹಿಡಿದಿದ್ದೆ. ಹಾಸಿಗೆ ಹಿಡಿದ ಅವ್ವನನ್ನು ನೋಡಿಕೊಳ್ಳುವ ವರ್ಷಗಳಲ್ಲಿ ನನ್ನ ಮದುವೆಯ ಮಾತು ಮೊದಲು ಮುಂದಕ್ಕೆ ಹೋಯಿತು, ಆಮೇಲೆ ಯಾರೂ ಆಡದ ಹಾಗಾಯಿತು. ಅವ್ವ ಹೋದ ಮೇಲೂ ನಾನು ಅದೇ ಕೋಣೆಯಲ್ಲಿ ಉಳಿದೆ. ಅಕ್ಕ ಬಾದಾಮಿಯಲ್ಲಿ ತನ್ನ ಸಂಸಾರದೊಳಗೆ ಮುಳುಗಿದ್ದಾಳೆ. ಹಬ್ಬಕ್ಕೆ ಹೋಗಿಬರುತ್ತೇನೆ.

ಸ್ಟೋರ್ ಎಂದರೆ ಶೆಡ್ಡಿನ ತುದಿಗೆ ಕಟ್ಟಿದ ಒಂದು ಉದ್ದ ಕೋಣೆ. ಅದಕ್ಕೊಂದು ಸರಳಿನ ಕಿಟಕಿ, ಕಿಟಕಿಗೊಂದು ಹಲಗೆ. ಕಲ್ಲು ಕೊಯ್ಯುವ ಬ್ಲೇಡು, ಪಾಲಿಶ್ ಕಲ್ಲು, ಬೆಲ್ಟು, ಗ್ರೀಸು, ಕೈಗವಸು, ನಟ್ಟು ಬೋಲ್ಟು, ಏನೇ ಬೇಕಾದರೂ ಆ ಕಿಟಕಿಗೇ ಬರಬೇಕು. ಬಂದವರು ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಧೂಳು ಮೆತ್ತಿಕೊಂಡಿರುತ್ತಿದ್ದರು, ಕಣ್ಣಷ್ಟೇ ಕಾಣುತ್ತಿತ್ತು. ಹಲಗೆಯ ಮೇಲೆ ಮೊಣಕೈ ಊರಿ ಒಂದು ಬೋಲ್ಟು ಕೇಳುವಷ್ಟರಲ್ಲಿ ಮನೆಯ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದರು. ಯಾರ ಎಮ್ಮೆ ಈದಿದೆ, ಯಾರ ಮಗಳಿಗೆ ನೌಕರಿ ಸಿಕ್ಕಿತು, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ನನ್ನ ಸುದ್ದಿ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಹೇಳಲು ಹೆಚ್ಚೇನೂ ಇರಲಿಲ್ಲ. ಸಂಜೆ ಕೋಣೆಗೆ ಹೋದರೆ ಮರುದಿನ ಬಸ್ ಹತ್ತುವವರೆಗೆ ಬಾಯಿ ತೆರೆಯುವ ಕೆಲಸವಿರದ ನನಗೆ, ಆ ಕಿಟಕಿಯ ಮಾತೇ ದಿನದ ಮಾತು ಎಂಬುದು ಆಗ ಹೊಳೆದಿರಲಿಲ್ಲ.

ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಪಾಲಿಶ್ ಮಷಿನಿನ ಕಾಕಾ. ಹುನಗುಂದದ ಆಚೆಯ ಒಂದು ಹಳ್ಳಿಯವನು. ಬೀರಪ್ಪ ದೇವರ ಒಕ್ಕಲು. ಹಣೆಯ ತುಂಬ ಅರಿಶಿನದ ಭಂಡಾರ ಹಚ್ಚಿಕೊಂಡೇ ಕೆಲಸಕ್ಕೆ ಬರುತ್ತಿದ್ದ. ಮನೆಯಲ್ಲಿ ಕುರಿಗಳಿದ್ದವು, ತಮ್ಮ ಮೇಯಿಸುತ್ತಿದ್ದ.

"ರೊಟ್ಟಿ ತಿಂದೀಯೇನ ಯವ್ವಾ?" ಇದು ಅವನ ಮೊದಲ ಮಾತು. "ಎರಡನೇ ನಂಬರ್ ಕಲ್ಲು ಕೊಡು" ಎಂಬುದು ಆಮೇಲಿನದು. ವಾರಕ್ಕೊಮ್ಮೆಯಾದರೂ ಕಾಗದದಲ್ಲಿ ಕಟ್ಟಿದ ಗುರೆಳ್ಳು ಚಟ್ನಿ ಸರಳಿನ ಸಂದಿಯಿಂದ ಒಳಗೆ ಬರುತ್ತಿತ್ತು. "ನಿಮ್ಮ ಚಿಗವ್ವ ಕೊಟ್ಟಾಳ" ಎನ್ನುತ್ತಿದ್ದ. ಚಿಗವ್ವ ಎಂದರೆ ಅವನ ಹೆಂಡತಿ. ನಾನು ಅವಳನ್ನು ಒಮ್ಮೆಯೂ ನೋಡಿರಲಿಲ್ಲ. ಕೈರುಚಿಯಿಂದ ಅವಳು ದಪ್ಪಗಿನ, ಜೋರು ನಗುವಿನ ಹೆಂಗಸು ಇರಬೇಕೆಂದುಕೊಂಡಿದ್ದೆ.

ಒಂದು ಬೇಸಿಗೆಯ ಕೊನೆಗೆ ನಮ್ಮ ಮಾಲೀಕರು ಪುಣೆಯ ಕಡೆ ಯಾವುದೋ ಕಾರ್ಖಾನೆ ನೋಡಿಬಂದರು. ಅಲ್ಲಿ ಜಪಾನಿನ ಪದ್ಧತಿ ನಡೆಸುತ್ತಾರಂತೆ, ಒಂದು ಸ್ಪ್ಯಾನರ್ ಕೂಡ ಜಾಗ ತಪ್ಪಿ ಬಿದ್ದಿರುವುದಿಲ್ಲವಂತೆ. ನಮ್ಮಲ್ಲೂ ಅದು ಬರಲಿ ಎಂದು ಹುಬ್ಬಳ್ಳಿಯಿಂದ ಒಬ್ಬ ತರಬೇತುದಾರರನ್ನು ಕರೆಸಿದರು. ನಿವೃತ್ತಿಯ ವಯಸ್ಸು, ಸಣಕಲು ಮೈ, ಮೆಲು ದನಿ. ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ದುಡಿದು, ಅಲ್ಲಿಂದಲೇ ಜಪಾನಿಗೆ ತರಬೇತಿಗೆ ಹೋಗಿ ಬಂದವರು.

ಮೊದಲ ದಿನ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಮಂದಿ ಕೈಕಟ್ಟಿ, ಮುಖ ಬಿಗಿದು ನಿಂತಿದ್ದರು. ಆಳು ಕಡಿಮೆ ಮಾಡಲಿಕ್ಕೇ ಇವರು ಬಂದಿದ್ದಾರೆ ಎಂದು ಆಗಲೇ ಗುಸುಗುಸು ಎದ್ದಿತ್ತು. ಅದು ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ.

"ಯಾರನ್ನೂ ತಗಿಯಾಕ ಬಂದಿಲ್ರಿ ನಾ," ಅಂದರು. "ನಿನ್ನಿಗಿಂತ ಇವತ್ತ ಒಂದು ಸಣ್ಣ ಕೆಲಸ ಸ್ವಲ್ಪ ಚಲೋ ಮಾಡೂದು, ನಾಳಿಗೆ ಇನ್ನೊಂದು. ಇಷ್ಟ. ಇದಕ್ಕ ಅವರು ಕೈಜೆನ್ ಅಂತಾರ. ಮಷಿನ್ನಿಗೆ ಅಲ್ಲ, ನಿಮ್ಮ ಮೈಗೆ ಹಗುರಾಗ್ಲಿ ಅಂತ ಇದು."

ಆಮೇಲೆ ಮುದಾ ಎಂಬ ಶಬ್ದ ಹೇಳಿದರು. ಸುಮ್ಮನೆ ಓಡಾಡುವುದು, ಕಾಯುವುದು, ಹುಡುಕುವುದು, ಇವೆಲ್ಲ ಮುದಾ. ಮುದಾ ಎಂದರೆ ವ್ಯರ್ಥ.

ನನಗೆ ತಡೆಯಲಾಗಲಿಲ್ಲ. "ಸರ, ನಮ್ಮ ಕನ್ನಡದಾಗ ಮುದ ಅಂದ್ರ ಹಿಗ್ಗು ಅಲ್ರಿ?" ಅಂದೆ.

ಅವರು ನಕ್ಕುಬಿಟ್ಟರು. "ಹೌದಲ್ರಿ! ಇಷ್ಟ ವರ್ಷ ಹೇಳ್ಕೋತ ಬಂದೇನಿ, ಯಾರೂ ಕೇಳಿರ್ಲಿಲ್ಲ ನೋಡ್ರಿ." ಮಂದಿಯೂ ನಕ್ಕರು. ಕಟ್ಟಿದ ಕೈಗಳು ಸಡಿಲಾದವು.

ಕೆಲಸ ಶುರುವಾದದ್ದು ನನ್ನ ಸ್ಟೋರಿನಿಂದಲೇ. ಬೇಕಾದದ್ದು ಒಂದು ಕಡೆ, ಬೇಡವಾದದ್ದು ಒಂದು ಕಡೆ, ಅನುಮಾನ ಇದ್ದದ್ದಕ್ಕೆ ಕೆಂಪು ಚೀಟಿ. ದಿನಾ ಮಧ್ಯಾಹ್ನದ ಮೇಲೆ ಮೂರು ನಾಲ್ಕು ಜನ ಬಂದು ನನ್ನ ಜೊತೆ ನಿಂತು ಸಾಮಾನು ಇಳಿಸಿದರು. ಎಂದೋ ಮಾರಿದ ಮಷಿನಿನ ಬೆಲ್ಟುಗಳು ಸಿಕ್ಕವು. ಗಾಲಿಯಿಲ್ಲದ ಸೈಕಲ್ ಸಿಕ್ಕಿತು. ಕಪಾಟಿನ ಹಿಂದೆ ಗಾಜು ಒಡೆದ ದೇವರ ಫೋಟೋ ಒಂದು ಸಿಕ್ಕಾಗ ಅದಕ್ಕೆ ಕೆಂಪು ಚೀಟಿ ಅಂಟಿಸಲು ಯಾರೂ ಮುಂದೆ ಬರಲಿಲ್ಲ. ತರಬೇತುದಾರರೂ ಚೀಟಿ ಹಿಡಿದುಕೊಂಡು ಹಿಂದೆ ಮುಂದೆ ನೋಡಿದರು. ಕೊನೆಗೆ ಕಾಕಾನೇ ಅದನ್ನು ಎದೆಗೆ ಒತ್ತಿಕೊಂಡು ಹೋಗಿ ಬೇವಿನ ಬುಡದಲ್ಲಿ ಇಟ್ಟುಬಂದ. ಒಬ್ಬರನ್ನೊಬ್ಬರು ಅಣಕಿಸುತ್ತ, ಸೀನುತ್ತ, ಚಹಾ ಕುಡಿಯುತ್ತ ನಾವು ಆ ಕೋಣೆಯನ್ನು ತೊಳೆದು ಒರೆಸಿದೆವು. ಅಷ್ಟು ಮಂದಿಯ ನಡುವೆ ನಾನು ಅಷ್ಟು ದಿನ ಕಳೆದದ್ದು ಅದೇ ಮೊದಲು. ಆ ದಿನಗಳಲ್ಲಿ ಹುನಗುಂದದ ಬಸ್ಸಿನಲ್ಲಿ ಕೂತರೂ ಮುಖದ ಮೇಲೆ ನಗು ಇರುತ್ತಿತ್ತೇನೋ. ಕಂಡಕ್ಟರ್ ಒಮ್ಮೆ, "ಏನ್ರಿ ಅಕ್ಕಾರ, ಭಾಳ ಖುಷಿಯೊಳಗ ಅದೀರಿ?" ಎಂದು ಕೇಳಿದ್ದ.

ಒಂದು ಮಧ್ಯಾಹ್ನ ಉಳಿದವರು ಚಹಾಕ್ಕೆ ಹೋದಾಗ, ಜಪಾನ್ ಹೇಗಿತ್ತು ಎಂದು ತರಬೇತುದಾರರನ್ನು ಕೇಳಿದೆ. ಕಾರ್ಖಾನೆಯ ಬಗ್ಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಕೋಣೆಯ ಬಗ್ಗೆ ಹೇಳಿದರು.

"ಭಾಷಾ ಬರ್ತಿರ್ಲಿಲ್ರಿ. ರವಿವಾರ ಬಂತಂದ್ರ ಒಬ್ಬನ ಜೋಡಿನೂ ಮಾತಿಲ್ಲ. ನೆಲಾ ಒರಸ್ತಿದ್ನಿ. ಒರಸಿದ್ದನ್ನ ಮತ್ತ ಒರಸ್ತಿದ್ನಿ. ನನ್ನ ಕೋಣಿ ಭಾಳ ಸ್ವಚ್ಛ ಐತಿ ಅಂತ ಅವರು ಎಲ್ಲಾರ ಮುಂದ ಹೊಗಳಿದ್ರು."

ನನ್ನ ಕೋಣೆಯ ನೆಲವೂ ಹಾಗೇ ಫಳಫಳ ಹೊಳೆಯುತ್ತದೆ.

ಸ್ಟೋರ್ ಮುಗಿದ ಮೇಲೆ ಓಡಾಟದ ಸರದಿ ಬಂತು. ಅವರು ಶೆಡ್ಡಿನ ನಕ್ಷೆಯನ್ನು ದೊಡ್ಡ ಹಲಗೆಯ ಮೇಲೆ ಬರೆದು, ಒಬ್ಬೊಬ್ಬ ಕೆಲಸಗಾರ ದಿನದಲ್ಲಿ ಎಲ್ಲೆಲ್ಲಿ ನಡೆಯುತ್ತಾನೋ ಅಲ್ಲೆಲ್ಲ ಮೊಳೆ ಹೊಡೆದು ದಾರ ಎಳೆದರು. ನೋಡುನೋಡುತ್ತ ಹಲಗೆ ಶಾವಿಗೆ ಹರವಿದ ಹಾಗಾಯಿತು. ಎಲ್ಲ ದಾರಗಳೂ ಬಂದು ಸೇರುತ್ತಿದ್ದದ್ದು ನನ್ನ ಕಿಟಕಿಗೆ. ಅಲ್ಲಿ ಮೊಳೆಯೇ ಕಾಣದಷ್ಟು ದಾರ ಸುತ್ತಿಕೊಂಡಿತ್ತು.

"ನೋಡ್ರಿ, ಎಲ್ಲಾರ ಕಾಲೂ ಇಲ್ಲೇ ಸವೀತಾವು," ಅಂದರು.

ಕಾಕಾ ತನ್ನ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿ, "ಅದಕ್ಕರೀ ನನ್ನ ಮೊಳಕಾಲು ಹಿಂಗ ನೋಯ್ತಾವು," ಅಂದ. ಅವನ ಮೊಳಕಾಲಿನ ನೋವು ಎಲ್ಲರಿಗೂ ಗೊತ್ತಿತ್ತು. ಒದ್ದೆ ನೆಲದಲ್ಲಿ ನಿಂತು ನಿಂತು ಆದದ್ದು. ಕಿಟಕಿಗೆ ಬಂದಾಗ ಹಲಗೆ ಹಿಡಿದೇ ನಿಲ್ಲುತ್ತಿದ್ದ.

ಆಮೇಲೆ ನಡೆದದ್ದು ಚೊಕ್ಕ ಕೆಲಸ. ಪ್ರತಿ ಮಷಿನಿನ ಪಕ್ಕದಲ್ಲಿ ಒಂದು ಹಲಗೆ ನಿಲ್ಲಿಸಿ, ಸ್ಪ್ಯಾನರುಗಳ ಆಕಾರ ಬಣ್ಣದಲ್ಲಿ ಬರೆದು, ಅಲ್ಲಲ್ಲಿಗೇ ನೇತುಹಾಕಿದೆವು. ಪಾಲಿಶ್ ಕಲ್ಲಿಗೆ, ಗ್ರೀಸಿಗೆ, ಕೈಗವಸಿಗೆ ಅಲ್ಲೇ ಡಬ್ಬಿಗಳು. ಡಬ್ಬಿಯಲ್ಲಿ ಸಾಮಾನು ಕೆಂಪು ಗೆರೆಯ ಕೆಳಗಿಳಿದರೆ ಅದರ ಜೊತೆಗಿದ್ದ ಕಾರ್ಡನ್ನು ತಂದು ಸ್ಟೋರಿನ ಹೊರಗಿನ ಕೊಕ್ಕೆಗೆ ಹಾಕುವುದು. ತರುವುದಕ್ಕೂ ಬೇರೆ ಓಡಾಟ ಬೇಡ, ಕಲ್ಲು ಸಾಗಿಸುವ ಗಾಡಿಯವನು ಆ ಕಡೆ ಬರುವಾಗ ಎಲ್ಲರ ಕಾರ್ಡನ್ನೂ ಹಾಕಿ ಹೋಗುತ್ತಾನೆ. ನಾನು ಸಾಮಾನು ತೆಗೆದು ಹೊರಗಿನ ಕಟ್ಟೆಯ ಮೇಲೆ ಇಟ್ಟರಾಯಿತು, ಅವನೇ ಒಯ್ಯುತ್ತಾನೆ. ಯಾವ ಕಾರ್ಡು ಯಾವ ಬಣ್ಣ ಎಂದು ಕೂತು ಯೋಚಿಸಿದವಳು ನಾನೇ. ಮಾಲೀಕರು ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತರಬೇತುದಾರರು ಮತ್ತೆ ನಡುನಡುವೆ ಬರುವುದಾಗಿ ಹೇಳಿ ಹುಬ್ಬಳ್ಳಿಗೆ ಹೋದರು.

ಮೊದಲ ಕೆಲವು ದಿನ ಹಾಯೆನಿಸಿತು. ಕೂಗಾಟವಿಲ್ಲ, ಅವಸರವಿಲ್ಲ. ಆಮೇಲೆ ಗಮನಕ್ಕೆ ಬಂದದ್ದು ಕಿಟಕಿಯ ಹಲಗೆಯ ಮೇಲಿನ ಧೂಳು. ಮೊದಲು ಆ ಹಲಗೆಯ ಮೇಲೆ ಧೂಳು ಕೂರುತ್ತಲೇ ಇರಲಿಲ್ಲ, ಬಂದವರ ಮೊಣಕೈಗಳು ಒರೆಸಿಬಿಡುತ್ತಿದ್ದವು. ಈಗ ಮುಂಜಾನೆ ಬಂದು ನಾನೇ ಒರೆಸಬೇಕು. ಸಂಜೆ ಹೊರಡುವಾಗ ಮತ್ತೆ ಬೆಳ್ಳಗಾಗಿರುತ್ತಿತ್ತು. ಹೊರಗೆ ಕೊಕ್ಕೆಗೆ ಕಾರ್ಡು ಬಿದ್ದ ಸಪ್ಪಳ ಕೇಳಿ ಎದ್ದು ಹೋಗುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತಿತ್ತು. ಫ್ಯಾನಿನ ಸಪ್ಪಳ, ಗೋಡೆಯಾಚೆ ಮಷಿನುಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ, ನಾನು. ಯಾರ ಎಮ್ಮೆ ಈದಿತೋ ಗೊತ್ತಿಲ್ಲ. ಅತ್ತೆ ಸೊಸೆ ಮಾತಿಗೆ ಬಂದರೋ ಇಲ್ಲವೋ ಗೊತ್ತಿಲ್ಲ.

ತರಬೇತುದಾರರು ಕಲಿಸಿದ್ದರಲ್ಲಿ ಇನ್ನೊಂದಿತ್ತು. ಏನಾದರೂ ತೊಂದರೆ ಕಂಡರೆ ಐದು ಸಲ 'ಯಾಕೆ' ಎಂದು ಕೇಳಬೇಕು, ಬೇರು ಸಿಗುತ್ತದೆ. ಒಂದು ಸಂಜೆ ಕೋಣೆಯಲ್ಲಿ ರೊಟ್ಟಿ ಮುರಿಯುತ್ತ ಅದು ನೆನಪಾಯಿತು. ಊಟ ಯಾಕೆ ಸೇರುತ್ತಿಲ್ಲ? ಹಸಿವಿಲ್ಲ. ಹಸಿವು ಯಾಕಿಲ್ಲ? ಇಡೀ ದಿನ ಕೂತಲ್ಲೇ ಕೂತಿದ್ದೆ. ಯಾಕೆ ಕೂತಿದ್ದೆ? ಯಾರೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ? ಕರೆಯುವ ಅಗತ್ಯ ಬೀಳದ ಹಾಗೆ ಎಲ್ಲ ಸರಿಯಾಗಿದೆ. ಇನ್ನೊಂದು 'ಯಾಕೆ' ಉಳಿದಿತ್ತು. ಅದನ್ನು ಕೇಳಿಕೊಳ್ಳದೆ ತಟ್ಟೆ ತೊಳೆದಿಟ್ಟು ಮಲಗಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದೆ. ಪಾಲಿಶ್ ಆದ ಕಲ್ಲುಗಳನ್ನು ತೊಳೆಯುವ ಹೆಂಗಸೂ ಅಲ್ಲೇ ನಿಂತಿದ್ದಳು. ಶೆಡ್ಡಿನೊಳಗೆ ಕೆಲಸ ಮಾಡುವ ಹೆಂಗಸು ಅವಳೊಬ್ಬಳೇ. ಮಾತು ಕಡಿಮೆ.

"ಅಕ್ಕಾರ, ಕಾಕಾನ ಮನಿಗಿ ಹೋಗಿ ಬಂದ್ರೇನ್ರಿ?" ಅಂದಳು.

"ಯಾಕ? ಏನಾಗೇತಿ?"

ಅವಳು ನನ್ನ ಮುಖ ನೋಡಿದಳು. "ನಿಮಗ ಗೊತ್ತಿಲ್ಲೇನ್ರಿ? ಅವನ ಹೇಣ್ತಿ ತೀರಿಕೊಂಡ್ಲಲ್ರಿ. ವಾರದ ಮ್ಯಾಲಾತು."

ನನಗೆ ಅದು ಒಮ್ಮೆಗೇ ತಲೆಗೆ ಹೋಗಲಿಲ್ಲ. ಕಾಕಾನ ಮಷಿನಿನ ಹಳದಿ ಕಾರ್ಡುಗಳು ಎಂದಿನಂತೆ ಬರುತ್ತಿದ್ದವು. ಅಂದು ಮುಂಜಾನೆಯೂ ಬಂದಿತ್ತು, ಎರಡನೇ ನಂಬರಿನ ಕಲ್ಲು ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದೆ. ಮಷಿನಿನ ಮೇಲೆ ಬೇರೆಯವನು ನಿಂತಿದ್ದಾನೆ ಎಂದು ಕಾರ್ಡು ಹೇಗೆ ಹೇಳೀತು?

ರವಿವಾರ ಟೆಂಪೋ ಹಿಡಿದು ಅವನ ಹಳ್ಳಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಬಾ ಯವ್ವಾ. ಇಷ್ಟ ದೂರ ಯಾಕ ಬರಾಕ ಹೋದಿ?"

"ನನಗ ಗೊತ್ತ ಇರ್ಲಿಲ್ಲ ಕಾಕಾ," ಅಂದೆ.

ಒಳಗೆ ಗೋಡೆಗೆ ಅವಳ ಫೋಟೋ ಹಾಕಿದ್ದರು. ನಾನು ಅಂದುಕೊಂಡ ಹಾಗೆ ಇರಲೇ ಇಲ್ಲ ಅವಳು. ತೆಳ್ಳಗೆ, ಉದ್ದ ಮುಖ, ಕ್ಯಾಮೆರಾಕ್ಕೆ ಹೆದರಿದ ಕಣ್ಣು. ಇಷ್ಟು ವರ್ಷ ಅವಳ ಕೈಯ ಚಟ್ನಿ ತಿಂದು ನಾನು ಯಾರನ್ನೋ ನೆನೆಸಿಕೊಂಡಿದ್ದೆ. ಅಲ್ಲಿ ನಿಂತು ಅತ್ತುಬಿಟ್ಟೆ. ಮನೆಯವರು ನನಗೇ ನೀರು ಕೊಟ್ಟು ಸಮಾಧಾನ ಮಾಡಿದರು.

ಹೊರಗೆ ಬಂದು ಕೂತ ಮೇಲೆ ಕಾಕಾ ತಾನಾಗಿ ಹೇಳಿದ. "ಭಾಳ ದಿನದಿಂದ ಆಕಿಗೆ ಆರಾಮಿರ್ಲಿಲ್ಲ ಯವ್ವಾ. ಬಾಗಲಕೋಟಿ ದವಾಖಾನಿಗೆ ಒಯ್ದಿದ್ವಿ. ಮದಲಿನಂಗ ಮುಂಜಾನಿ ನಿನ್ನ ಕಿಟಕಿಗಿ ಬರ್ತಿದ್ನಂದ್ರ ನಿನಗ ಹೇಳಿರ್ತಿದ್ನಿ. ಈಗ ಯಾರಿಗಿ ಹೇಳ್ಲಿ? ಮಷಿನ್ನಿಗೆ ಹೇಳ್ಲೇನು?"

ಅದರಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆಮೇಲೆ ಮೊಳಕಾಲು ಸವರಿಕೊಳ್ಳುತ್ತ, "ಕಾಲಿಗೆ ಮಾತ್ರ ಖರೇನ ಚಲೋ ಆಗೇತಿ. ಮದಲಿನಷ್ಟ ನೋವಿಲ್ಲ," ಅಂದ.

ಅವನು ಕೆಲಸಕ್ಕೆ ಮರಳಿದ ಮೇಲೆ ನಾನು ಮುಂಜಾನೆ ಒಂದು ಸುತ್ತು ಶೆಡ್ಡಿನೊಳಗೆ ಹೋಗಿಬರತೊಡಗಿದೆ. ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಣ್ಣಾರೆ ನೋಡಬೇಕು, ಟೇಬಲ್ಲಿನ ಮುಂದೆ ಕೂತರೆ ತಿಳಿಯುವುದಿಲ್ಲ ಎಂದು ತರಬೇತುದಾರರೇ ಹೇಳಿದ್ದರು. ಅದಕ್ಕೂ ಜಪಾನಿನ ಒಂದು ಹೆಸರಿದೆ. ಮ್ಯಾನೇಜರ್ ಒಂದು ದಿನ ತಡೆದು, "ಅಕ್ಕಾರ, ಓಡಾಟ ಕಡಿಮಿ ಆಗ್ಲಿ ಅಂತನ ಇಷ್ಟೆಲ್ಲಾ ಮಾಡೇವಲ್ರಿ?" ಅಂದ. "ಡಬ್ಬಿ ನೋಡಾಕ ಹೊಂಟೇನ್ರಿ," ಅಂದೆ. ಅವನು ಮುಂದೆ ಕೇಳಲಿಲ್ಲ. ಆದರೆ ಮಷಿನುಗಳ ಸಪ್ಪಳದಲ್ಲಿ ಯಾರ ಜೊತೆ ಏನು ಮಾತಾಡುವುದು? ಎಲ್ಲರ ಕಿವಿಗೂ ರಕ್ಷಣೆಯ ಮುಚ್ಚಳ. ನಾನು ಕಂಡರೆ ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ. ಕಾಕಾ ಮಾತ್ರ ಒಂದು ಕಿವಿಯ ಮುಚ್ಚಳ ಸರಿಸಿ, ಬಾಯಿ ಹತ್ತಿರ ತಂದು, ರೊಟ್ಟಿ ತಿಂದೆಯಾ ಎಂದು ಕೂಗಿ ಕೇಳುತ್ತಿದ್ದ.

ಯುಗಾದಿ ಕಳೆದ ಮೇಲೆ ಕಾಕಾ ಕೆಲಸ ಬಿಟ್ಟ. ಮನೆಯಲ್ಲಿ ಅಡುಗೆ ಮಾಡುವವರಿಲ್ಲ, ತಮ್ಮನ ಜೊತೆ ಕುರಿ ಹಿಂದೆ ಹೋಗುತ್ತೇನೆ ಅಂದ. ಕೊನೆಯ ದಿನ ಹೆಲ್ಮೆಟ್ಟು, ಬೂಟು ಒಪ್ಪಿಸಲು ಕಿಟಕಿಗೆ ಬಂದಿದ್ದ. ಬಹಳ ಹೊತ್ತು ನಿಂತಿದ್ದ. ಅವನ ಜಾಗಕ್ಕೆ ರಾಜಸ್ಥಾನದ ಕಡೆಯವನೊಬ್ಬ ಬಂದ. ಒಳ್ಳೆಯವನು, ಆದರೆ ನನ್ನ ಹಿಂದಿ ಅವನಿಗೆ ತಿಳಿಯುವುದಿಲ್ಲ.

ಅದೇ ತಿಂಗಳು ತರಬೇತುದಾರರು ಪರಿಶೀಲನೆಗೆಂದು ಬಂದರು. ಮುಂಜಾನೆಯ ಸಭೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೆಲಸದಲ್ಲಿ ಇನ್ನೂ ಏನು ತೊಂದರೆ ಉಳಿದಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನೀರಿನ ಪೈಪು ಸೋರುತ್ತದೆ ಎಂದು ಒಬ್ಬ ಹೇಳಿದ. ಲೈಟು ಸಾಲುವುದಿಲ್ಲ ಎಂದು ಇನ್ನೊಬ್ಬ. ನನ್ನ ಸರದಿ ಬಂತು.

"ನನ್ನ ಟೇಬಲ್ ಶೆಡ್ಡಿನೊಳಗ ಹಾಕ್ರಿ ಸರ," ಅಂದೆ.

"ಯಾಕ್ರಿ ಮೇಡಮ್ಮಾರ? ಅದರಿಂದ ಏನ್ ಅನುಕೂಲ ಆಗ್ತದ?"

ಅನುಕೂಲ ಎಂದು ಹೇಳುವಂಥದ್ದೇನೂ ನನ್ನ ಹತ್ತಿರ ಇರಲಿಲ್ಲ. "ಸ್ಟೋರಿನ್ಯಾಗ ಒಬ್ಬಾಕೀನ ಕುಂದ್ರಾಕ ಆಗವಲ್ದು ನನಗ," ಅಂದೆ.

ಯಾರೋ ಕಿಸಕ್ಕನೆ ನಕ್ಕರು. ಯಾಕಾದರೂ ಹೇಳಿದೆನೋ ಅನಿಸಿತು. ತರಬೇತುದಾರರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಈ ಮಾತು ನಾನ ನಿಮ್ಮನ್ನ ಮದ್ಲ ಕೇಳಬೇಕಾಗಿತ್ರಿ," ಅಂದರು. ಮ್ಯಾನೇಜರನ ಜೊತೆ ಮಾತಾಡಿ ಅಂದೇ ಟೇಬಲ್ಲನ್ನು ಶೆಡ್ಡಿನೊಳಗೆ ಹಾಕಿಸಿದರು.

ಅದು ಹೆಚ್ಚು ದಿನ ನಡೆಯಲಿಲ್ಲ. ಕಲ್ಲಿನ ಧೂಳು ಟೇಬಲ್ಲಿನ ಮೇಲಿದ್ದ ಲೆಕ್ಕದ ಕಂಪ್ಯೂಟರಿಗೆ ಹೊಕ್ಕಿತು, ನನ್ನ ಎದೆಗೂ ಹೊಕ್ಕಿತು. ಕೆಮ್ಮು ಹಿಡಿಯಿತು, ಹುನಗುಂದದ ಡಾಕ್ಟರು ಬೈದರು. ನಾನೂ ಟೇಬಲ್ಲೂ ಮತ್ತೆ ಸ್ಟೋರಿನೊಳಗೆ ಬಂದೆವು.

ಮರಳಿ ಒಳಗೆ ಕೂತ ಎರಡನೆಯ ದಿನವೋ ಮೂರನೆಯ ದಿನವೋ, ಊಟದ ಹೊತ್ತಿಗೆ ಬಾಗಿಲು ತಳ್ಳಿದ ಸಪ್ಪಳವಾಯಿತು. ಕಲ್ಲು ತೊಳೆಯುವ ಹೆಂಗಸು. ಸೀರೆಯ ನೆರಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಊಟದ ಡಬ್ಬಿ.

"ಇಲ್ಲೇ ಕುಂತು ಉಣ್ಲ್ಯಾ ಅಕ್ಕಾರ? ಅಲ್ಲಿ ಗಂಡಸರು ಗುಂಪು ಕಟ್ಟಿ ಕುಂದರ್ತಾರ. ನಾ ಗ್ವಾಡಿ ಕಡೆ ಮಾರಿ ಮಾಡ್ಕೊಂಡು ಉಣತೇನ್ರಿ. ಅವತ್ತ ನೀವು ಅಂದಿದ್ದು ಕೇಳಿ ನನಗೂ ಖರೆ ಅನಿಸ್ತು."

ಅಂದಿನಿಂದ ಅವಳು ದಿನಾ ಬರುತ್ತಾಳೆ. ಅರ್ಧ ತಾಸಿನ ಊಟ. ಅವಳು ಮಾತಿನ ಹೆಂಗಸಲ್ಲ. ಎಷ್ಟೋ ದಿನ ರೊಟ್ಟಿ ಮುರಿಯುವ ಸಪ್ಪಳ ಬಿಟ್ಟರೆ ಏನೂ ಇರುವುದಿಲ್ಲ. ಅವಳು ಎದ್ದು ಹೋದ ಮೇಲೆ ಮಧ್ಯಾಹ್ನ ಮೊದಲಿನಷ್ಟೇ ಉದ್ದವಾಗಿರುತ್ತದೆ.

ಮೊನ್ನೆ ಡಬ್ಬಿ ಮುಚ್ಚುತ್ತ, "ರವಿವಾರ ಏನ್ ಮಾಡ್ತೀರಿ ಅಕ್ಕಾರ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ಅರಬಿ ಒಗಿತೇನಿ. ಮಕ್ಕೋತೇನಿ."

"ನಾ ಮಹಾಕೂಟಕ್ಕ ಹೊಂಟೇನ್ರಿ, ಜಳಕಾ ಮಾಡಿ ಬರಾಕ. ಬರ್ತೀರೇನು?"

ನೋಡೋಣ ಎಂದೆ. ರವಿವಾರ ಅವಳಿಗಿಂತ ಮೊದಲೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದೆ. ಬಾದಾಮಿಯಲ್ಲಿ ಬಸ್ ಇಳಿದೆವು, ಆದರೆ ಅಕ್ಕನ ಮನೆಯ ಕಡೆ ಹೋಗದೆ ಟೆಂಪೋ ಹಿಡಿದು ಮಹಾಕೂಟಕ್ಕೆ ಹೋದೆವು. ಗುಡಿಯ ಹೊಂಡದ ನೀರು ತಣ್ಣಗಿತ್ತು. ಇಬ್ಬರೂ ಸೀರೆಯಲ್ಲೇ ಮೆಟ್ಟಿಲಿಳಿದು ಕತ್ತಿನವರೆಗೆ ನಿಂತೆವು. ಅವಳು ಕಣ್ಣು ಮುಚ್ಚಿ ಏನನ್ನೋ ಬೇಡಿಕೊಳ್ಳುತ್ತಿದ್ದಳು, ಏನೆಂದು ನಾನು ಕೇಳಲಿಲ್ಲ. ಮೇಲೆ ಬಂದು ಬೇರೆ ಸೀರೆ ಉಟ್ಟು ಗಿಡದ ನೆರಳಿನಲ್ಲಿ ರೊಟ್ಟಿ ತಿಂದೆವು. ಮರಳುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಅವಳಿಗೆ ಎಚ್ಚರವಾಗದಿರಲಿ ಎಂದು ನಾನು ದಾರಿಯುದ್ದಕ್ಕೂ ಅಲುಗಾಡದೆ ಕೂತಿದ್ದೆ.

ಹುನಗುಂದದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಕೋಣೆಯ ಬಾಗಿಲು ತೆಗೆದು ಚೀಲದಲ್ಲಿದ್ದ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹರವಿದೆ. ಅದರಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಯಿತು. ಒರೆಸಲು ಎದ್ದವಳು, ಆರಿದರಾಯಿತು ಎಂದು ಹಾಗೇ ಬಿಟ್ಟು ಕೂತೆ.